ಲೀಫ್ ಸ್ಕಾರ್ಪಿಯನ್ ಮೀನಿಗೆ ಬಿಳಿ ಪೊರೆ, ಊಟಾನೂ ಬಿಟ್ಟಿದೆ. ಔಷಧಿ ಹಾಕಲಾ?

ಕಾಫಿಕಣ (ಚಿಕ್ಕಮಗಳೂರು):
ನಮಸ್ಕಾರ. ಮನೆಯಲ್ಲಿ 100 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಎರಡು ತಿಂಗಳ ಹಿಂದೆ ಲೀಫ್ ಸ್ಕಾರ್ಪಿಯನ್ ಫಿಶ್ ತಂದೆ. ಕಂದು ಬಣ್ಣ, ಮೂರು ಇಂಚು ಇರಬಹುದು. ಕಲ್ಲಿನ ಪಕ್ಕ ಕೂತು ತರಗೆಲೆ ಹಾಗೆ ಆಚೆ ಈಚೆ ತೂಗುತ್ತಾ ಇರುತ್ತದೆ. ಬಂದ ನೆಂಟರೆಲ್ಲ ‘ಮೀನೆಲ್ಲಿ?’ ಅಂತಲೇ ಕೇಳೋದು.

ಒಂದು ವಾರದಿಂದ ಅದು ಏನೂ ತಿಂದಿಲ್ಲ. ನಿನ್ನೆಯಿಂದ ತಲೆ ಮೇಲೆ ಬಿಳಿ ಪೊರೆ ಎದ್ದಿದೆ. ಅಂಗಡಿಯವರು ಫಂಗಸ್ ಅಂತ ಕಾಪರ್ ಔಷಧಿ ಕೊಟ್ಟಿದ್ದಾರೆ. ಹಾಕಲಾ?

ಹೇಮಾವತಿದಡ (ಸಕಲೇಶಪುರ):
ಬಾಟಲಿ ಮೊದಲು ಕೆಳಗಿಡಿ ಮಾರಾಯ್ರೆ. ಕಾಪರ್ ಹಾಕಿದರೆ ಟ್ಯಾಂಕಿನ ಸೀಗಡಿ, ಬಸವನಹುಳ ಎಲ್ಲ ಸಾಯುತ್ತವೆ. ಕಲ್ಲೂ ಅದನ್ನು ಹೀರಿಕೊಳ್ಳುತ್ತದೆ, ಆಮೇಲೆ ತೆಗೆಯೋದು ಕಷ್ಟ.

ಪೊರೆ ಹೇಗಿದೆ ಹೇಳಿ. ಉಪ್ಪಿನ ಕಾಳು ಚೆಲ್ಲಿದ ಹಾಗೆ ಚುಕ್ಕಿ ಚುಕ್ಕಿಯಾ, ಇಲ್ಲ ಹಾಳೆ ಥರ ಏಳ್ತಾ ಇದೆಯಾ? ಉಸಿರಾಟ ಜೋರಿದೆಯಾ? ಉಪ್ಪು ಅಳೆದಿದ್ದೀರಾ?

ಕಾಫಿಕಣ:
ಹಾಳೆ ಥರಾನೇ. ಉಸಿರಾಟ ಸ್ವಲ್ಪ ಜಾಸ್ತಿ. ಉಪ್ಪು ಈಗ ನೋಡಿದೆ, 1.029 (ಸಿಹಿನೀರು 1 ಅಂದರೆ ಅದಕ್ಕಿಂತ ಎಷ್ಟು ಭಾರ ಅನ್ನೋ ಲೆಕ್ಕ) ತೋರಿಸ್ತಾ ಇದೆ! ಕಾಫಿ ಕುಯ್ಲು ನಡೀತಿದೆ, ನಾನು ಟ್ಯಾಂಕಿನ ಹತ್ತಿರ ಹೋಗಿದ್ದೇ ಕಮ್ಮಿ. ನೀರು ಕಮ್ಮಿಯಾದಾಗಲೆಲ್ಲ ಮಗ ಉಪ್ಪು ಕಲಸಿದ ನೀರು ಹಾಕ್ತಿದ್ದ.

ಹೇಮಾವತಿದಡ:
ಅಲ್ಲೇ ಇರೋದು ವಿಷಯ. ಪೊರೆ ರೋಗ ಅಲ್ಲ. ಈ ಮೀನು ಹಾವಿನ ಹಾಗೆ ಆಗಾಗ ಪೊರೆ ಬಿಡುತ್ತದೆ, ತಲೆಯಿಂದ ಶುರುವಾಗುತ್ತದೆ. ಒಂದೇ ಕಡೆ ಕೂರೋದರಿಂದ ಮೈಮೇಲೆ ಪಾಚಿ ಕಟ್ಟುತ್ತಲ್ವಾ, ಅದೂ ಪೊರೆ ಜೊತೆ ಹೋಗುತ್ತದೆ. ಪೊರೆ ಬಿಡುವಾಗ ಒಂದೆರಡು ದಿನ ಊಟ ಬಿಟ್ಟರೆ ಚಿಂತೆ ಇಲ್ಲ. ವಾರ ಅಂದರೆ ಉಪ್ಪಿನ ಮೇಲೇ ನನ್ನ ಅನುಮಾನ.

ಸಾರು ಕುದ್ದು ಬತ್ತಿದರೆ ಉಪ್ಪಾಗುತ್ತಲ್ಲ, ಹಾಗೇ ಇದು. ಜನವರಿ ಚಳಿಗೆ ಹೀಟರ್ ಹಗಲು ರಾತ್ರಿ ಉರಿಯುತ್ತೆ, ನೀರು ಆವಿಯಾಗುತ್ತೆ, ಉಪ್ಪು ಒಳಗೇ ಉಳಿಯುತ್ತೆ. ಆರಿದ ಜಾಗಕ್ಕೆ ಬರೀ ಆರ್‌ಓ ನೀರು (ಯಂತ್ರದಲ್ಲಿ ಸೋಸಿ ಉಪ್ಪಿನಂಶ ತೆಗೆದದ್ದು) ಹಾಕಬೇಕು. ಈಗ ಟ್ಯಾಂಕಿನ ನೀರು ಸ್ವಲ್ಪ ತೆಗೆದು ಅಷ್ಟೇ ಆರ್‌ಓ ನೀರು ಹಾಕಿ, ದಿನಕ್ಕೆ 0.001 ಇಳಿದರೆ ಸಾಕು. 1.025ಕ್ಕೆ ನಿಲ್ಲಿಸಿ. ಉಪ್ಪು ಅಳೆಯೋದು ಮುಳ್ಳು ತಿರುಗುವ ಹೈಡ್ರೋಮೀಟರ್ ಆದರೆ ಮುಳ್ಳಿಗೆ ಅಂಟಿದ ಗುಳ್ಳೆ ತಟ್ಟಿ ಬೀಳಿಸಿ. ಗುಳ್ಳೆ ಇದ್ದರೆ ಜಾಸ್ತಿ ತೋರಿಸುತ್ತದೆ.

ಊಟಕ್ಕೆ ಏನು ಹಾಕ್ತೀರಿ?

ಕಾಫಿಕಣ:
ಪೆಲೆಟ್, ಅಂಗಡಿಯ ಒಣ ಕಾಳಿನ ಆಹಾರ.

ಹೇಮಾವತಿದಡ:
ಅದು ಅಲ್ಲಾಡದ್ದನ್ನು ಊಟ ಅಂತಾನೇ ಅಂದುಕೊಳ್ಳಲ್ಲ! ಜೀವಂತ ಸಣ್ಣ ಸೀಗಡಿ ಬಿಡಿ. ತೋಟಕ್ಕೆ ಔಷಧಿ ಹೊಡೆಯೋ ಕಡೆಯ ಕೆರೆಯದ್ದು ಮಾತ್ರ ಬೇಡ. ಆಮೇಲೆ ಸೀಗಡಿ ತುಂಡನ್ನು ಸಣ್ಣ ಕಡ್ಡಿಗೆ ಸಿಕ್ಕಿಸಿ ಮೂತಿ ಮುಂದೆ ಅಲ್ಲಾಡಿಸಿ ರೂಢಿ ಮಾಡಿಸಬಹುದು.

ಕೈ ಹಾಕಬೇಡಿ. ಬೆನ್ನಿನ ಮುಳ್ಳಲ್ಲಿ ವಿಷ ಇದೆ. ನಮ್ಮ ಕೆರೆಯ ಚೇಳು ಮೀನು ಬೇರೆ, ಇದು ಬೇರೆ, ಆದರೆ ಚುಚ್ಚಿದರೆ ಎರಡೂ ಕಣ್ಣಲ್ಲಿ ನೀರು ತರಿಸುತ್ತವೆ. ಚುಚ್ಚಿದರೆ ಸುಣ್ಣ ಗಿಣ್ಣ ಹಚ್ಚುತ್ತಾ ಕೂರಬೇಡಿ. ಸುಮಾರು 45 ಡಿಗ್ರಿ ಬಿಸಿನೀರಲ್ಲಿ 30ರಿಂದ 90 ನಿಮಿಷ ಅದ್ದಿಡಿ, ಬಿಸಿಗೆ ವಿಷ ಕೆಡುತ್ತದೆ. ಬಿಸಿ ಎಷ್ಟಿದೆ ಅಂತ ಇನ್ನೊಂದು ಕೈಯಲ್ಲಿ ನೋಡಿ. ನೋಯುವ ಕೈಗೆ ಬಿಸಿ ಗೊತ್ತಾಗಲ್ಲ, ಸುಟ್ಟುಕೊಳ್ಳುತ್ತೀರಿ. ಆಮೇಲೆ ಆಸ್ಪತ್ರೆಗೆ ಹೋಗಿ.

ಕಾಫಿಕಣ (ಆರು ದಿನದ ಮೇಲೆ):
ಉಪ್ಪು 1.025ಕ್ಕೆ ಬಂತು. ಪೊರೆ ಮೂರನೇ ದಿನವೇ ಬಿಟ್ಟಿತ್ತು. ಫಿಲ್ಟರ್ ಬಾಯಿಗೆ ಈರುಳ್ಳಿ ಸಿಪ್ಪೆಯ ಒಳಪದರದ ಹಾಗೆ ಸಿಕ್ಕಿಕೊಂಡಿತ್ತು. ಮೀನಿಗೆ ಹೊಸ ಬಣ್ಣ ಬಂದಿದೆ. ನಿನ್ನೆ ರಾತ್ರಿ ಸೀಗಡಿ ಬಿಟ್ಟೆ. ಎಲೆ ತೂಗುತ್ತಾ ತೂಗುತ್ತಾ ಹತ್ತಿರ ಬಂತು. ಸೀಗಡಿ ಇತ್ತು, ಇಲ್ಲ. ಬಾಯಿ ತೆಗೆದದ್ದೇ ಕಾಣಲಿಲ್ಲ! ಮಗ ಇನ್ನೊಂದು ಬಿಡು ಅಂತ ಹಟ.

ಕಾಪರ್ ಬಾಟಲಿ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ, ಅದು ಬೇರೆ ಮಾತು.