ಮೊದಲ ಟ್ಯಾಟೂ: ಸೂಜಿ ಕಂಡರೆ ಕಣ್ಣು ಕತ್ತಲೆ ಬರುವವರು ಏನು ಮಾಡಬೇಕು?

ಪ್ರಶ್ನೆ: ಮುಂದಿನ ವಾರ ಮುಂಗೈ ಒಳಭಾಗದಲ್ಲಿ ಮೊದಲ ಟ್ಯಾಟೂ ಹಾಕಿಸಿಕೊಳ್ಳಲಿದ್ದೇನೆ. ಚಿತ್ರ ಮನಸ್ಸಿಗೆ ಹಿಡಿಸಿದೆ. ಆದರೆ ರಕ್ತಪರೀಕ್ಷೆಯ ಸೂಜಿ ಕಂಡರೂ ನನಗೆ ಕಣ್ಣು ಕತ್ತಲೆ ಬರುತ್ತದೆ. ಅಲ್ಲೇ ಕುಸಿದುಬಿದ್ದರೆ? ನೋವು ತಡೆಯಲಾರದೆ ಎದ್ದುಬಂದರೆ ಅರ್ಧ ಚಿತ್ರವೇ ಗತಿಯೇ?

ಉತ್ತರ (ಟ್ಯಾಟೂ ಕಲಾವಿದೆ): ರಕ್ತ ತೆಗೆಯುವ ಸೂಜಿ ರಕ್ತನಾಳಕ್ಕೆ ಇಳಿಯುತ್ತದೆ. ನಮ್ಮದು ಚರ್ಮದ ಎರಡನೆಯ ಪದರದಲ್ಲಿ, 1–2 ಮಿ.ಮೀ. ಆಳದಲ್ಲೇ ನಿಲ್ಲುತ್ತದೆ. ಬಿಸಿಲಿಗೆ ಬೆಂದ ಚರ್ಮವನ್ನು ಉಗುರಿನಿಂದ ಕೆರೆದಂತೆ ಉರಿಯುತ್ತದೆ. ಮೊದಲ ಕೆಲವು ನಿಮಿಷ ಕಷ್ಟ, ಆಮೇಲೆ ಹೆಚ್ಚಿನವರಿಗೆ ಮೈ ಒಗ್ಗುತ್ತದೆ. ನೋವೇ ಇಲ್ಲ ಎನ್ನುವವರನ್ನು ಮಾತ್ರ ನಂಬಬೇಡಿ. ಪಕ್ಕೆಲುಬಿಗೆ ಹೋಲಿಸಿದರೆ ನೀವು ಆರಿಸಿದ ಜಾಗ ವಾಸಿ. ಮಣಿಕಟ್ಟು ಮತ್ತು ಮೊಣಕೈ ಮಡಿಕೆಯ ಹತ್ತಿರ ಉರಿ ಹೆಚ್ಚು.

ಕಣ್ಣು ಕತ್ತಲೆ ಬರುವುದು ಹೇಡಿತನವಲ್ಲ. ಸೂಜಿ, ರಕ್ತ ಕಂಡಾಗ ಕೆಲವರ ಹೃದಯಬಡಿತವೂ ರಕ್ತದೊತ್ತಡವೂ ದಿಢೀರನೆ ಇಳಿಯುತ್ತವೆ, ಮಿದುಳಿಗೆ ರಕ್ತ ಸಾಲದೆ ತಲೆ ತಿರುಗುತ್ತದೆ. ಇದನ್ನು ಕಲಾವಿದರಿಗೆ ಈಗಲೇ ತಿಳಿಸಿಬಿಡಿ, ಮಲಗಿಸಿಯೇ ಕೆಲಸ ಮಾಡುತ್ತಾರೆ. ಬೆವರೊಡೆದರೆ, ಕಿವಿ ಗುಂಯ್‌ಗುಟ್ಟಿದರೆ ಸಂಕೋಚಪಡದೆ ನಿಲ್ಲಿಸಲು ಹೇಳಿ. ತೊಡೆ, ಹೊಟ್ಟೆಯ ಸ್ನಾಯುಗಳನ್ನು 10–15 ಸೆಕೆಂಡು ಬಿಗಿಹಿಡಿದು ಸಡಿಲಿಸಿ, ಮತ್ತೆ ಬಿಗಿಹಿಡಿಯಿರಿ, ರಕ್ತದೊತ್ತಡ ಮೇಲೇರುತ್ತದೆ. ಸೂಜಿ ಓಡುತ್ತಿರುವಾಗ ಈ ಸಾಹಸ ಬೇಡ, ಕೈ ಅಲುಗಿದರೆ ಗೆರೆ ಕೆಡುತ್ತದೆ.

ಹೊಟ್ಟೆ ತುಂಬ ಉಂಡು ಬನ್ನಿ. ಹಸಿದು ಬಂದವರೇ ಹೆಚ್ಚಾಗಿ ತಲೆ ತಿರುಗಿ ಬೀಳುವುದು. ಧೈರ್ಯಕ್ಕೆಂದು ಹಿಂದಿನ ದಿನದಿಂದಲೇ ಮದ್ಯ ಮುಟ್ಟಬೇಡಿ, ರಕ್ತ ಹೆಚ್ಚು ಒಸರುತ್ತದೆ. ಇನ್ನು ಅರ್ಧ ಚಿತ್ರದ ಚಿಂತೆ: ನಡುವೆ ವಿರಾಮ ಕೇಳಬಹುದು. ಅಂದು ಮುಗಿಯದಿದ್ದರೆ ಗಾಯ ಮಾಗಿದ ಮೇಲೆ ಇನ್ನೊಂದು ದಿನ ಮುಗಿಸಬಹುದು.

ಪ್ರಶ್ನೆ: ಮರಗಟ್ಟಿಸುವ ಕ್ರೀಮ್ ಹಚ್ಚಿಕೊಂಡು ಬರಲೇ?

ಉತ್ತರ: ಕಲಾವಿದರನ್ನು ಕೇಳದೆ ಬೇಡ. ಕೆಲವು ಕ್ರೀಮ್‌ಗಳಿಂದ ಚರ್ಮದ ಹದ ಬದಲಾಗುತ್ತದೆ. ಲಿಡೊಕೇನ್ ಎಂಬ ಮರಗಟ್ಟಿಸುವ ಔಷಧ ಇರುವ ಕ್ರೀಮನ್ನು ದಪ್ಪಗೆ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡರೆ ಅದು ಅತಿಯಾಗಿ ಮೈಗೆ ಸೇರಿ ಹೃದಯಬಡಿತವನ್ನೇ ಏರುಪೇರು ಮಾಡಬಹುದು.

ಇನ್ನೊಬ್ಬರ ಪ್ರಶ್ನೆ: ನನಗೆ ನೋವಿನ ಭಯವಿಲ್ಲ ಮೇಡಂ. ಮುಂದೆ ಬೇಸರವಾದರೆ ಎಂಬ ಅಳುಕು.

ಉತ್ತರ: ಅದಕ್ಕೆ ಊಟವೂ ವಿರಾಮವೂ ಮದ್ದಲ್ಲ. ಸೂಜಿ ಹಿಡಿಯುವ ಮೊದಲು ಚಿತ್ರದ ಸ್ಟೆನ್ಸಿಲ್ ಅನ್ನು ಚರ್ಮದ ಮೇಲೆ ಒತ್ತುತ್ತೇವೆ. ಕನ್ನಡಿ ಮುಂದೆ ನಿಂತು ಸಾವಕಾಶವಾಗಿ ನೋಡಿ. ಅಳತೆ, ಜಾಗ ಸರಿಯಿಲ್ಲದಿದ್ದರೆ ಒರೆಸಿ ಮತ್ತೆ ಒತ್ತುವುದು ನಮಗೆ ತೊಂದರೆಯೇ ಅಲ್ಲ. ಆಗಲೂ ಮನಸ್ಸು ಒಪ್ಪದಿದ್ದರೆ ಎದ್ದು ಹೋಗಿ. ಮುಂಗಡ ಹೋದರೆ ಹೋಗಲಿ, ಲೇಸರ್‌ನಲ್ಲಿ ಅಳಿಸಲು ಹಲವು ಬಾರಿ ಅಲೆಯಬೇಕು. ಅವಸರಪಡಿಸುವ ಕಲಾವಿದರಾದರೆ ಇನ್ನೂ ಬೇಗ ಎದ್ದು ಹೋಗಿ.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. ಜೊತೆಗೆ ಗೆಳತಿಯನ್ನು ಕರೆತರಬಹುದೇ?

ಉತ್ತರ: ಧಾರಾಳವಾಗಿ, ಒಬ್ಬರನ್ನು. ಅವರಿಗೂ ಸೂಜಿ ಕಂಡರೆ ಆಗುವುದಿಲ್ಲವೇ ಎಂದು ಮೊದಲೇ ಕೇಳಿಕೊಳ್ಳಿ. ಟ್ಯಾಟೂ ಹಾಕಿಸಿಕೊಳ್ಳುವವರು ಹಾಯಾಗಿದ್ದು, ಜೊತೆಗೆ ಬಂದವರಿಗೆ ನೀರು ಚಿಮುಕಿಸಿದ್ದೂ ಉಂಟು.