‘ಮಗ್ಗರ್ ಮೊಸಳೆ’, ‘ಜೌಗು ಮೊಸಳೆ’: ಎರಡರಲ್ಲಿ ಯಾವುದು ಸರಿ?

ಬೆಂಗಳೂರಿನ ನಮ್ಮ ಬಡಾವಣೆಯ ಮಕ್ಕಳನ್ನು ಮುಂದಿನ ತಿಂಗಳು ರಂಗನತಿಟ್ಟಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಅವರ ಕೈಗೆ ಕೊಡಲು ನಾಲ್ಕು ಪುಟ ಬರೆಯುತ್ತಿದ್ದೇನೆ. ಹಕ್ಕಿಗಳ ಹೆಸರು ಸಲೀಸಾಗಿ ಬಂತು, ಮೊಸಳೆಯ ಹತ್ತಿರ ಬಂದು ಪೆನ್ನು ನಿಂತಿದೆ.

ಅಲ್ಲಿರುವ ಮೊಸಳೆಗೆ ಪತ್ರಿಕೆಗಳಲ್ಲಿ ಎರಡು ಹೆಸರು ಕಾಣುತ್ತವೆ. ಒಂದು ‘ಮಗ್ಗರ್ ಮೊಸಳೆ’. ಸಂಸ್ಕೃತದ ಮಕರ ಹಿಂದಿಯಲ್ಲಿ ಮಗರ್ ಆಯಿತು, ಅದನ್ನು ಇಂಗ್ಲಿಷಿನವರು ಮಗ್ಗರ್ ಅಂದರು, ಈಗ ಅದೇ ಪದ ಹೊಸ ಜಾತಿಯ ಹೆಸರೇನೋ ಅನ್ನುವ ಹಾಗೆ ನಮ್ಮಲ್ಲಿಗೆ ವಾಪಸ್ ಬಂದಿದೆ. ಇದು ‘ಮೊಸಳೆ ಮೊಸಳೆ’ ಅಂದ ಹಾಗೇ ಆಯಿತು, ಅಲ್ವಾ? ಹೋಗಲಿ, ಮಕರ ಅಂತಲೇ ಬರೆಯೋಣ ಅಂದರೆ ಬೇಲೂರು, ಹಳೇಬೀಡು ನೋಡಿ ಬಂದ ಮಗುವಿಗೆ ಗೋಡೆ ಮೇಲಿನ ಸೊಂಡಿಲಿನ ಪ್ರಾಣಿಯೇ ನೆನಪಾಗುತ್ತದೆ. ಹಳಗನ್ನಡದ ‘ನೆಗಳ್’ ನನಗೆ ಬಹಳ ಇಷ್ಟ, ಆದರೆ ಈಗ ಯಾರ ಬಾಯಲ್ಲೂ ಇಲ್ಲ.

ಇನ್ನೊಂದು ‘ಜೌಗು ಮೊಸಳೆ’. ವೈಜ್ಞಾನಿಕ ಹೆಸರು ಕ್ರೊಕೊಡೈಲಸ್ ಪಾಲುಸ್ಟ್ರಿಸ್. ಪಾಲುಸ್ಟ್ರಿಸ್ ಅಂದರೆ ಲ್ಯಾಟಿನ್‌ನಲ್ಲಿ ಜೌಗಿನದು, ಹಾಗಾಗಿ ಅನುವಾದ ತಪ್ಪಲ್ಲ. ಆದರೆ ಕನ್ನಡದಲ್ಲಿ ಜೌಗು ಅಂದರೆ ಕಾಲಿಟ್ಟರೆ ಹೂತುಕೊಳ್ಳುವ ನೆಲ. ರಂಗನತಿಟ್ಟಿನಲ್ಲಿ ಇರುವುದು ಹರಿಯುವ ಕಾವೇರಿ, ಬಂಡೆ, ಸಣ್ಣ ಸಣ್ಣ ತಿಟ್ಟು. ದಾಂಡೇಲಿಯ ಕಾಳಿಯಲ್ಲೂ ಇದೇ ಮೊಸಳೆ, ಅದೂ ಹೊಳೆಯೇ. 2022ರಲ್ಲಿ ರಂಗನತಿಟ್ಟು ಜಗತ್ತಿನ ಮಹತ್ವದ ‘ವೆಟ್‌ಲ್ಯಾಂಡ್’ಗಳ ರಾಮ್ಸರ್ ಪಟ್ಟಿಗೆ ಸೇರಿದಾಗಲೂ ‘ಜೌಗು ಪ್ರದೇಶ’ ಅಂತಲೇ ಬರೆದರು. ಆ ಪಟ್ಟಿಯ ಲೆಕ್ಕದಲ್ಲಿ ಹೊಳೆ, ಕೆರೆ, ಅಳಿವೆ ಎಲ್ಲವೂ ಬರುತ್ತವೆ, ನಮ್ಮ ಜೌಗು ಅಷ್ಟು ಅಗಲದ ಪದ ಅಲ್ಲ. ‘ತರಿ’ ಅನ್ನೋಣ ಅಂದರೆ ಅದು ಪಹಣಿಯಲ್ಲಿ ಗದ್ದೆಗೆ ಮೀಸಲಾಗಿದೆ. ಸದ್ಯಕ್ಕೆ ‘ನೀರುನೆಲ’ ಮತ್ತು ‘ಹೊಳೆಮೊಸಳೆ’ ಅಂತ ಬರೆದಿಟ್ಟಿದ್ದೇನೆ.

ಹೋದ ಡಿಸೆಂಬರಿನಲ್ಲಿ ದೋಣಿಯಲ್ಲಿ ಹೋಗಿದ್ದೆ. ಬಂಡೆಯ ಬಣ್ಣವೇ ಆಗಿಹೋಗಿದ್ದ ಒಂದು ಮೊಸಳೆ ಬಾಯಿ ತೆರೆದು ಮಲಗಿತ್ತು. ಬೆನ್ನಿನ ಮೇಲಿನ ಕೆಸರು ಒಣಗಿ ಬಿರುಕು ಬಿಟ್ಟಿತ್ತು, ಬಾಯೊಳಗಿನ ತಿಳಿ ಹಳದಿ ಮಾತ್ರ ದೂರಕ್ಕೂ ಕಾಣುತ್ತಿತ್ತು. ಪಕ್ಕದಲ್ಲಿದ್ದವರು ಕಚ್ಚೋಕೆ ಬರ್ತಿದೆ ಅಂತ ಹೆದರಿದರು. ದೋಣಿಯವರು, ‘ಇಲ್ಲ ಅಕ್ಕ, ಬಿಸಿಲು ಕಾಯಿಸ್ತಾ ಐತೆ, ಸೆಕೆ ಆದ್ರೆ ಹಂಗೇ ಬಾಯಿ ಬಿಡ್ತದೆ’ ಅಂದರು. ಅವರು ಹೇಳಿದ್ದೇ ಸರಿ. ಮೈಯೊಳಗೆ ಸಾಕಷ್ಟು ಕಾವು ಹುಟ್ಟಿಸಿಕೊಳ್ಳಲಾರದ ಪ್ರಾಣಿ ಬಿಸಿಲಿಗೆ ಬರುತ್ತದೆ, ಜಾಸ್ತಿ ಆದದ್ದನ್ನು ಬಾಯಿ ತೆರೆದು ಕಳೆದುಕೊಳ್ಳುತ್ತದೆ. ಮನೆಗೆ ಬಂದು ನನ್ನ ಬರಹದಲ್ಲಿದ್ದ ‘ಸೂರ್ಯಸ್ನಾನ’ವನ್ನು ಹೊಡೆದು ಹಾಕಿದೆ. ಚಳಿಗಾಲದಲ್ಲಿ ನಮ್ಮಜ್ಜಿ ಟೆರೇಸಿನಲ್ಲಿ ಕೂತು ಮಾಡುವುದೂ ಬಿಸಿಲು ಕಾಯಿಸುವುದೇ, ಮೊಸಳೆಗೆ ಬೇರೆ ಪದ ಯಾಕೆ? ‘ಶೀತರಕ್ತ ಪ್ರಾಣಿ’ಯನ್ನೂ ತೆಗೆದೆ. ಅದನ್ನು ಓದಿದ ಮಗು ರಕ್ತ ಸದಾ ತಣ್ಣಗೆ ಇರುತ್ತದೆ ಅಂದುಕೊಳ್ಳುತ್ತದೆ.

ಉಳಿದದ್ದು ಇನ್ನೊಂದು ಪದ. ಬಿರುಬೇಸಿಗೆಯಲ್ಲಿ ನೀರು ಇಳಿದಾಗ ಈ ಮೊಸಳೆಗಳು ದಡದ ಮಣ್ಣಿನಲ್ಲಿ ಉದ್ದಕ್ಕೆ ತೋಡಿಕೊಂಡು ಒಳಗೆ ಸೇರುತ್ತವೆ. ‘ಬಿಲ’ ಅಂದರೆ ಇಲಿ, ಹಾವು ಕಣ್ಣ ಮುಂದೆ ಬರುತ್ತವೆ. ‘ಗವಿ’ ಅಂದರೆ ಕಲ್ಲಿನದು ಅನ್ನಿಸುತ್ತದೆ. ಕೃಷ್ಣಾ, ತುಂಗಭದ್ರಾ, ಕಾಳಿ ದಡದಲ್ಲಿ ಬೆಳೆದವರು ಯಾರಾದರೂ ಇದ್ದರೆ, ನಿಮ್ಮ ಕಡೆ ಇದಕ್ಕೆ ಏನಂತಾರೆ? ಮನೆಯಲ್ಲಿ ಹಿರಿಯರಿದ್ದರೆ ಅವರನ್ನೇ ಒಂದು ಮಾತು ಕೇಳಿ ತಿಳಿಸಿ. ಭಾನುವಾರದೊಳಗೆ ಅಚ್ಚಿಗೆ ಕೊಡಬೇಕು.