ದ್ವಿತೀಯ ಪಿಯುಸಿ ಓದುತ್ತಿರುವ ತಂಗಿಗೆ ಆಪ್ತಸಮಾಲೋಚನೆ: ಬರೀ ಮಾತಿನಿಂದ ಗುಣವಾಗುತ್ತದೆಯೇ?

ಪ್ರಶ್ನೆ: ಆಳಂದ ತಾಲ್ಲೂಕಿನಿಂದ ಒಬ್ಬ ಅಣ್ಣ

ನನ್ನ ತಂಗಿಗೆ ಹದಿನೇಳು ವರ್ಷ. ಕಲಬುರಗಿಯ ಹಾಸ್ಟೆಲಿನಲ್ಲಿದ್ದುಕೊಂಡು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಜೊತೆಗೆ ನೀಟ್ ಕೋಚಿಂಗ್ ಕೂಡ ಇದೆ. ದಸರಾ ರಜೆಗೆ ಊರಿಗೆ ಬಂದಾಗಿನಿಂದ ಅವಳಿಗೆ ಊಟ ಸೇರುತ್ತಿಲ್ಲ, ರಾತ್ರಿ ನಿದ್ದೆ ಬರುತ್ತಿಲ್ಲ, ಪುಸ್ತಕ ತೆರೆದ ಸ್ವಲ್ಪ ಹೊತ್ತಿಗೆಲ್ಲ ಹೊಟ್ಟೆನೋವೆಂದು ಮಲಗಿಬಿಡುತ್ತಾಳೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎರಡರಲ್ಲಿಯೂ ದೋಷ ಕಾಣಲಿಲ್ಲ. ಮನಸ್ಸಿನ ಒತ್ತಡವಿರಬಹುದು, ಆಪ್ತಸಮಾಲೋಚನೆ ಕೊಡಿಸಿ ಎಂದು ವೈದ್ಯರು ಚೀಟಿ ಬರೆದುಕೊಟ್ಟಿದ್ದಾರೆ.

ಮನೆಯಲ್ಲಿ ಒಮ್ಮತವಿಲ್ಲ. ಮೊದಲು ಗಾಣಗಾಪುರಕ್ಕೆ ಹೋಗಿ ಬರೋಣ ಎಂಬುದು ಅವ್ವನ ಮಾತು. ಹೆಣ್ಣುಮಗಳನ್ನು ಮನೋವೈದ್ಯರ ಬಳಿ ಕರೆದೊಯ್ದ ಸುದ್ದಿ ಹರಡಿದರೆ ಮುಂದೆ ಸಂಬಂಧ ಕೂಡಿಬರುವುದಿಲ್ಲ ಎಂಬುದು ಕಾಕಾನ ಆತಂಕ. ಮೊನ್ನೆ ಅವಳು, ‘ನಾನು ಇಲ್ಲದಿದ್ದರೆ ನಿಮಗೆ ಫೀಸಾದರೂ ಉಳಿಯುತ್ತಿತ್ತು’ ಎಂದಳು. ಸಮಾಲೋಚನೆಯಲ್ಲಿ ನಿಜವಾಗಿ ಏನು ಮಾಡುತ್ತಾರೆ, ಮಾತ್ರೆ ಕೊಟ್ಟರೆ ಅದು ಚಟವಾಗುತ್ತದೆಯೇ, ನಮ್ಮ ಭಾಗದಲ್ಲಿ ಎಲ್ಲಿ ತೋರಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ: ಕಲಬುರಗಿಯ ಚಿಕಿತ್ಸಾ ಮನಶ್ಶಾಸ್ತ್ರಜ್ಞೆ

ಸಹೋದರರೇ, ನಿಮ್ಮ ಪತ್ರದ ಕೊನೆಯಲ್ಲಿ ಬರೆದಿರುವ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಒಂದೆರಡು ದಿನ ಕಾಯಬಹುದು, ಅದು ಕಾಯುವಂಥದ್ದಲ್ಲ. ‘ನಾನು ಇಲ್ಲದಿದ್ದರೆ’ ಎಂದವಳ ಬಳಿ ಇಂದೇ ಕುಳಿತು, ಸಾಯಬೇಕೆಂಬ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಮೆಲುದನಿಯಲ್ಲಿ ಕೇಳಿರಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಅನೇಕರಲ್ಲಿದೆ. ಅದು ನಿಜವಲ್ಲ, ಹೆಚ್ಚಿನ ಮಕ್ಕಳಿಗೆ ಯಾರೋ ಕೇಳಿದರೆಂಬುದೇ ನಿರಾಳವೆನಿಸುತ್ತದೆ. ತೊಗರಿ ಬೆಳೆಯುವ ಮನೆಗಳಲ್ಲಿ ಸಿಂಪಡಣೆಯ ಔಷಧಿ ಕೈಗೆಟುಕುವಂತೆ ಇರುವುದು ಸಾಮಾನ್ಯವಾದ್ದರಿಂದ ಅದನ್ನು ಬೀಗ ಹಾಕಿಡಿರಿ, ಅಥವಾ ಮನೆಯಿಂದಲೇ ಸಾಗಿಸಿರಿ. ಅವಳು ಹೌದೆಂದರೆ ಒಬ್ಬಳನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆತನ್ನಿ. ಹೊತ್ತಲ್ಲದ ಹೊತ್ತಿನಲ್ಲಿ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಈ ಸೇವೆ ಉಚಿತವಾಗಿದ್ದು, ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನು ಸಮಾಲೋಚನೆಯ ವಿಷಯ. ಅದು ಬುದ್ಧಿವಾದವಲ್ಲ. ‘ಧೈರ್ಯ ತಂದುಕೋ, ಓದಿನ ಕಡೆ ಗಮನ ಕೊಡು’ ಎಂಬ ಮಾತನ್ನು ಅವಳು ಮನೆಯಲ್ಲಿ, ಕಾಲೇಜಿನಲ್ಲಿ ಬೇಕಾದಷ್ಟು ಕೇಳಿರುತ್ತಾಳೆ. ಹೊಟ್ಟೆನೋವೆಂದು ಬಂದ ಮಗುವಿಗೆ ನಾನು ಮೊದಲು ಅಂಕಗಳ ಬಗ್ಗೆ ಕೇಳುವುದಿಲ್ಲ. ಒಂದು ಸಣ್ಣ ನೋಟ್‌ಬುಕ್ ಕೊಟ್ಟು, ನೋವು ಬಂದಾಗಲೆಲ್ಲ ಗಂಟೆ ಎಷ್ಟಾಗಿತ್ತು, ಅದಕ್ಕೆ ಸ್ವಲ್ಪ ಮೊದಲು ಏನು ನಡೆಯಿತು, ಆಗ ಮನಸ್ಸಿನಲ್ಲಿ ಯಾವ ಮಾತು ಓಡುತ್ತಿತ್ತು ಎಂಬುದನ್ನು ಬರೆಯಲು ಹೇಳುತ್ತೇನೆ. ಕೆಲವು ವಾರಗಳಲ್ಲಿ ಆ ಪುಟಗಳನ್ನು ಇಬ್ಬರೂ ಕೂಡಿ ನೋಡುವಾಗ, ನೋವು ಸೋಮವಾರದ ಟೆಸ್ಟಿನ ಹಿಂದಿನ ಸಂಜೆಯೇ ಬರುತ್ತದೆ ಎಂಬುದು ಎಷ್ಟೋ ಸಲ ಮಗುವಿಗೇ ಕಾಣುತ್ತದೆ. ನೋವು ನಾಟಕವಲ್ಲ, ಆತಂಕವು ಕರುಳಿನ ಚಲನೆಯನ್ನೂ ಸ್ನಾಯುಗಳ ಬಿಗಿತವನ್ನೂ ನಿಜವಾಗಿಯೇ ಬದಲಿಸುತ್ತದೆ. ಕಾರಣ ಕಂಡ ಮೇಲೆ ಕೆಲಸ ಹಗುರಾಗುತ್ತದೆ: ಉಸಿರಾಟದ ಅಭ್ಯಾಸ, ಮಲಗುವ ಹೊತ್ತನ್ನು ಸರಿಪಡಿಸುವುದು, ಬಿಟ್ಟುಹೋದ ಸಂತೋಷಗಳಲ್ಲಿ ಒಂದನ್ನು ಮತ್ತೆ ಹಿಡಿಯುವುದು, ಅಧ್ಯಾಯದ ಬದಲು ಒಂದು ಪುಟದ ಗುರಿ ಇಟ್ಟುಕೊಳ್ಳುವುದು. ಸಾಮಾನ್ಯವಾಗಿ ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕೂರುತ್ತೇವೆ. ತಂದೆತಾಯಿಯೊಂದಿಗೆ ಪ್ರತ್ಯೇಕವಾಗಿ ಮಾತನಾಡುತ್ತೇವೆ, ಏಕೆಂದರೆ ಮನೆಯ ಮಾತು ಬದಲಾಗದೆ ಮಗುವೊಂದೇ ಬದಲಾಗಲಿ ಎಂದು ಬಯಸುವುದು ನ್ಯಾಯವಲ್ಲ.

ಇದೊಂದೇ ಸಾಲದ ಸಂದರ್ಭಗಳೂ ಇವೆ. ಖಿನ್ನತೆ ತೀವ್ರವಾಗಿದ್ದರೆ, ಸಾಯುವ ಯೋಚನೆ ಇದ್ದರೆ, ಇಲ್ಲದ ದನಿಗಳು ಕೇಳಿಸುತ್ತಿದ್ದರೆ ಮನೋವೈದ್ಯರು ನೋಡಲೇಬೇಕು. ಮಾತ್ರೆ ಬರೆಯುವ ಅಧಿಕಾರ ವೈದ್ಯರದು, ನನ್ನಂಥವರದಲ್ಲ. ಹದಿಹರೆಯದವರ ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಫ್ಲುಆಕ್ಸೆಟಿನ್‌ನಂತಹ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಆದರೆ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ, ಆ ಮೊದಲ ವಾರಗಳಲ್ಲಿ ಮಗುವಿನ ಮೇಲೆ ಹೆಚ್ಚಿನ ನಿಗಾ ಬೇಕು, ಮತ್ತು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು.

ಸರ್ಕಾರಿ ವೈದ್ಯಕೀಯ ಕಾಲೇಜುಗಳಾದ ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಮತ್ತು ಯಾದಗಿರಿಯ ಕಾಲೇಜು ಇವುಗಳ ಆಸ್ಪತ್ರೆಗಳಲ್ಲಿ ಮೊದಲು ವಿಚಾರಿಸಿ. ಖಾಸಗಿಯಾಗಿ ತೋರಿಸುವುದಾದರೆ, ಫಲಕ ಹಾಕಿಕೊಂಡವರೆಲ್ಲ ತರಬೇತಿ ಪಡೆದವರಲ್ಲವಾದ್ದರಿಂದ, ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಿರಿ. ಕೇಳುವುದು ಅಗೌರವವಲ್ಲ.

ಉತ್ತರ: ಬೀದರಿನ ಒಬ್ಬ ತಾಯಿ

ತಮ್ಮಾ, ನನ್ನ ಮಗ ನಾಲ್ಕನೇ ತರಗತಿಯಲ್ಲಿದ್ದಾಗ ಶಾಲೆಗೆ ಹೋಗುವುದನ್ನೇ ನಿಲ್ಲಿಸಿದ್ದ. ಬೆಳಗಾದರೆ ವಾಂತಿ, ಭಾನುವಾರ ಮಾತ್ರ ಆರಾಮ. ನಾವು ಕೇಳಿದರೆ ತುಟಿ ಬಿಚ್ಚುತ್ತಿರಲಿಲ್ಲ. ಸಮಾಲೋಚಕಿ ಅವನನ್ನು ಪ್ರಶ್ನೆಯನ್ನೇ ಕೇಳದೆ ಆಟಿಕೆಗಳ ಮುಂದೆ ಕೂರಿಸಿದರು. ಅವನು ಆಟದ ಬಸ್ಸಿನೊಳಗೆ ಎಲ್ಲ ಗೊಂಬೆಗಳನ್ನೂ ಸಾಲಾಗಿ ಕೂರಿಸಿ, ಪ್ರತಿ ಸಲವೂ ಒಂದೇ ಒಂದು ಸಣ್ಣ ಗೊಂಬೆಯನ್ನು ಸೀಟಿನ ಕೆಳಗೆ ತುರುಕುತ್ತಿದ್ದನಂತೆ. ಶಾಲೆಯ ಬಸ್ಸಿನಲ್ಲಿ ದೊಡ್ಡ ಹುಡುಗರು ಅವನಿಗೆ ಮಾಡುತ್ತಿದ್ದುದು ಅದೇ ಎಂಬುದು ನಿಧಾನವಾಗಿ ಹೊರಬಂತು. ಚಿಕ್ಕ ಮಕ್ಕಳಿಗೆ ಆಟವೇ ಮಾತು ಎಂಬುದನ್ನು ನಾನು ಅಲ್ಲಿಯೇ ಕಂಡೆ.

ನಿಮ್ಮ ಅವ್ವನೊಂದಿಗೆ ವಾದಕ್ಕಿಳಿಯಬೇಡಿ. ದತ್ತಾತ್ರೇಯನ ದರ್ಶನಕ್ಕೆ ಹೋಗಿ ಬನ್ನಿ, ಆಸ್ಪತ್ರೆಯ ದಿನವನ್ನು ಮಾತ್ರ ತಪ್ಪಿಸಬೇಡಿ. ಆದರೆ ಗಾಳಿ ಬಿಡಿಸುತ್ತೇವೆಂದು ಯಾರಾದರೂ ಹುಡುಗಿಯನ್ನು ಹೊಡೆಯಲು, ಕಟ್ಟಲು ಬಂದರೆ ನೀವು ಅಡ್ಡ ನಿಲ್ಲಬೇಕು.

ಉತ್ತರ: ಶಹಾಪುರ ತಾಲ್ಲೂಕಿನ ಪ್ರೌಢಶಾಲಾ ಶಿಕ್ಷಕ

ಮೇಲಿನವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ವಾರವಾರವೂ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವುದೆಂದರೆ ಕೂಲಿ ಮಾಡುವ ಮನೆಗೆ ಒಂದು ದಿನದ ದುಡಿಮೆ ಹೋಯಿತೆಂದೇ ಅರ್ಥ, ಆದ್ದರಿಂದಲೇ ನಮ್ಮ ಕಡೆ ಅನೇಕರು ಒಮ್ಮೆ ಹೋಗಿ ಬಿಟ್ಟುಬಿಡುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ವ್ಯವಸ್ಥೆ ರಾಜ್ಯದಲ್ಲಿದೆ. ಆಳಂದದಲ್ಲಿ ಯಾವ ಮಂಗಳವಾರ ಬರುತ್ತಾರೆಂದು ವಿಚಾರಿಸಿಕೊಂಡು ಹೋಗಿ. ಹದಿಹರೆಯದವರಿಗಾಗಿಯೇ ಇರುವ ಸ್ನೇಹ ಕ್ಲಿನಿಕ್ ಬಗ್ಗೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಬಹುದು.

ಇನ್ನೊಂದು ಮಾತನ್ನು ತಂಗಿಗೆ ತಿಳಿಸಿರಿ. 2024ರಿಂದ ದ್ವಿತೀಯ ಪಿಯುಸಿಯಲ್ಲಿ ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆದು, ಹೆಚ್ಚು ಬಂದ ಅಂಕಗಳನ್ನು ಉಳಿಸಿಕೊಳ್ಳಲು ಅವಕಾಶ ಕಲ್ಪಿಸಲಾಗಿದೆ. ಪ್ರತಿ ವರ್ಷ ಫಲಿತಾಂಶದ ದಿನ ನಮ್ಮ ಜಿಲ್ಲೆಗಳು ಪಟ್ಟಿಯ ತಳದಲ್ಲಿವೆ ಎಂದು ಓದಿ ಓದಿ, ಆ ಭಾರವನ್ನೆಲ್ಲ ಓದುವ ಮಕ್ಕಳ ತಲೆಯ ಮೇಲೆಯೇ ಹೊರಿಸುತ್ತಿದ್ದೇವೆ ಎಂದು ನನಗೆ ಬಹಳ ಸಂಕಟವಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಕೇಳಿದೆ. ಆಗಾಗ ಹಾಗನಿಸುತ್ತದೆ ಎಂದು ಅತ್ತಳು. ಈಗ ಅವ್ವ ಅವಳ ಪಕ್ಕದಲ್ಲೇ ಇದ್ದಾಳೆ, ಔಷಧಿಯ ಡಬ್ಬಿಗಳನ್ನು ಮನೆಯಿಂದ ಸಾಗಿಸಿದ್ದೇನೆ, ಇಂದು ಬೆಳಗಿನ ಬಸ್ಸಿಗೆ ಕಲಬುರಗಿಗೆ ಹೊರಡುತ್ತಿದ್ದೇವೆ. ಅವಳು ಅಲ್ಲಿ ಹೇಳಿದ್ದು ಹೊರಗೆ ಹೋಗುತ್ತದೆಯೇ ಎಂಬುದೊಂದೇ ಕಾಕಾನ ಪ್ರಶ್ನೆ.

ಉತ್ತರ: ಕಲಬುರಗಿಯ ಚಿಕಿತ್ಸಾ ಮನಶ್ಶಾಸ್ತ್ರಜ್ಞೆ

ಕೇಳಿದ್ದು ಒಳ್ಳೆಯದಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಯ ವಿವರಗಳ ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಹೇಳುತ್ತದೆ. ಕಾಲೇಜಿಗಾಗಲಿ ನೆಂಟರಿಗಾಗಲಿ ನಾವು ತಿಳಿಸುವಂತಿಲ್ಲ ಎಂದು ನಿಮ್ಮ ಕಾಕಾಗೆ ಹೇಳಿರಿ. ಹದಿನೆಂಟು ತುಂಬದವರ ಚಿಕಿತ್ಸೆಗೆ ಪೋಷಕರ ಒಪ್ಪಿಗೆ ಬೇಕಾಗುವುದರಿಂದ ತಂದೆ ಅಥವಾ ತಾಯಿ ಜೊತೆಗೆ ಬರಲಿ. ಚಿಕಿತ್ಸೆ ಹೇಗೆ ಸಾಗುತ್ತಿದೆ ಎಂಬುದನ್ನು ಅವರಿಗೆ ತಿಳಿಸುತ್ತೇವೆ, ಆದರೆ ಅವಳು ಆಡಿದ ಪ್ರತಿ ಮಾತನ್ನೂ ಒಪ್ಪಿಸುವುದಿಲ್ಲ. ಜೀವಕ್ಕೆ ಅಪಾಯವಿದ್ದಾಗ ಮನೆಯವರಿಗೆ ಹೇಳುತ್ತೇವೆ. ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು. ಈ ಎರಡನ್ನೂ ಮೊದಲ ದಿನವೇ ಅವಳಿಗೂ ತಿಳಿಸುತ್ತೇವೆ.

ಹಳೆಯ ರಿಪೋರ್ಟುಗಳನ್ನೂ ವೈದ್ಯರ ಚೀಟಿಯನ್ನೂ ತನ್ನಿ. ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸುವಾಗ ಹೊಟ್ಟೆನೋವೆಂದಷ್ಟೇ ಹೇಳದೆ, ಸಾಯುವ ಯೋಚನೆ ಬರುತ್ತಿದೆ ಎಂಬುದನ್ನು ಸ್ಪಷ್ಟವಾಗಿ ತಿಳಿಸಿರಿ. ಆಗ ಸರದಿಯಲ್ಲಿ ಕಾಯಿಸದೆ ಬೇಗ ನೋಡಲು ಅವರಿಗೂ ಅನುಕೂಲವಾಗುತ್ತದೆ.